ಉಗಾಪನ ಪಾಲಿನ ರಾಮಿನ್

ಲಮೋ ಮಗ್ಗನ್ನು ಮತ್ತೊಮ್ಮೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಅದು ಪುಟಿದು, ಮಲಗಿದ್ದ ಗಂಡನ ಕಾಲಿಗೆ ಬಡಿದು, ಉರುಳುತ್ತಾ ಅವಳ ಮೊಣಕಾಲಿನ ಹತ್ತಿರಕ್ಕೇ ವಾಪಸು ಬಂತು. ಕಿತ್ತಳೆ ಬಣ್ಣದ ದಪ್ಪ ಪ್ಲಾಸ್ಟಿಕ್ ಮಗ್ಗು. ಒಂದು ಗೀರೂ ಬಿದ್ದಿರಲಿಲ್ಲ.

“ನಾನು ಹೋಗಲ್ಲ ಅಂತಿದೆ ನೋಡು,” ಎಂದಳು ಪಕ್ಕದಲ್ಲಿ ಕೂತಿದ್ದ ದಿಮಾ. ದಿಮಾ ಉಗಾಪನ ಅಕ್ಕ. ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದರೂ ಮಾತಿಗೇನೂ ಬರವಿರಲಿಲ್ಲ. “ನಮ್ಮ ತಮ್ಮನ ಹಾಗೇ ಮೊಂಡು.”

ಉಗಾಪ್ ನಿನ್ನೆ ಮಧ್ಯಾಹ್ನ ತೀರಿಕೊಂಡಿದ್ದ. ಅನ್ನ ಉಂಡು, ಮೀನಿನ ತಲೆಯನ್ನು ಚೀಪಿ ಮುಗಿಸಿ, ಸ್ವಲ್ಪ ಅಡ್ಡಾಗುತ್ತೇನೆಂದು ಜಗಲಿಯಲ್ಲಿ ಚಾಪೆ ಹಾಸಿಕೊಂಡವನು ಮತ್ತೆ ಏಳಲಿಲ್ಲ. ವಯಸ್ಸು ಎಂಬತ್ತರ ಹತ್ತಿರ. ನರಳಲಿಲ್ಲ, ಯಾರ ಕೈಲೂ ಏನೂ ಮಾಡಿಸಿಕೊಳ್ಳಲಿಲ್ಲ. ಇಂಥ ಸಾವು ಬೇಡಿಕೊಂಡರೂ ಸಿಗುವುದಿಲ್ಲ ಎಂದು ಒಂದೇ ಸೂರಿನಡಿ ಸಾಲಾಗಿ ಇಪ್ಪತ್ತು ಸಂಸಾರಗಳಿರುವ ನಮ್ಮ ಉದ್ದಮನೆಯ ಎಲ್ಲ ಬಾಗಿಲಿನವರೂ ಹೇಳಿದರು. ಲಮೋ ಅತ್ತಳು, ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡು, ಮೀನಿನ ತಲೆ ಅವನಿಗೇ ಹಾಕಿದ್ದು ಎಷ್ಟು ಒಳ್ಳೆಯದಾಯಿತು ಎಂದು ಸಮಾಧಾನ ಮಾಡಿಕೊಂಡಳು.

ಈಗ ಅವಳು ಕೂತಿದ್ದದ್ದು ಜಗಲಿಯಲ್ಲಿ, ನಾಲ್ಕೂ ಕಡೆ ನೇಯ್ದ ಹೊದಿಕೆಗಳನ್ನು ಇಳಿಬಿಟ್ಟು ಕಟ್ಟಿದ ಮರೆಯೊಳಗೆ. ಹೆಣ ಎತ್ತುವ ತನಕ ಹೆಂಡತಿಯಾದವಳು ಆ ಮರೆ ಬಿಟ್ಟು ಕದಲುವಂತಿಲ್ಲ. ಹಿಂದೆಲ್ಲ ನಸುಕಿಗೇ ಎತ್ತುತ್ತಿದ್ದರು. ಈಗ ಹೆಣದ ಪೆಟ್ಟಿಗೆ ಸರಿಕೈ ಪೇಟೆಯಿಂದ ಬರಬೇಕು, ಅಂಗಡಿಯವನು ಬಾಗಿಲು ತೆಗೆಯಬೇಕು, ಆಮೇಲೆ ದೋಣಿ ಹೋಗುವಷ್ಟು ಹೊಳೆಯ ನೀರು ಏರಬೇಕು. ಹಾಗಾಗಿ ಮಧ್ಯಾಹ್ನ ಎಂದು ಗೊತ್ತಾಗಿತ್ತು. ಅಷ್ಟರೊಳಗೆ ಸತ್ತವನ ಪಾಲನ್ನು ಸಿದ್ಧ ಮಾಡುವುದು ಹೆಂಡತಿಯ ಕೆಲಸ.

ಸತ್ತವರ ನಾಡಿನಲ್ಲಿ ಎಲ್ಲವೂ ತಿರುಗುಮುರುಗು. ಇಲ್ಲಿ ಬೆಳಗಾದರೆ ಅಲ್ಲಿ ಕತ್ತಲು. ಇಲ್ಲಿ ಒಡೆದದ್ದು ಅಲ್ಲಿ ಹೊಸದಾಗಿರುತ್ತದೆ, ಇಲ್ಲಿ ಚೆನ್ನಾಗಿರುವುದು ಅಲ್ಲಿ ಚೂರಾಗಿರುತ್ತದೆ. ಅದಕ್ಕೇ ಸತ್ತವನ ಜೊತೆ ಕಳಿಸುವ ಪ್ರತಿಯೊಂದನ್ನೂ ಒಡೆದೋ ಮುರಿದೋ ಹರಿದೋ ಕಳಿಸಬೇಕು. ನಮ್ಮ ಮನೆಯಲ್ಲಿ ಅರ್ಧ ಜನ ಈಗ ಚರ್ಚಿಗೆ ಹೋಗುತ್ತಾರೆ, ಉಗಾಪನಿಗೂ ಶಿಲುಬೆ ನೆಡುವುದೇ. ಆದರೆ ತಟ್ಟೆಯನ್ನು ಒಡೆಯದೆ ಕಳಿಸುವ ಧೈರ್ಯ ಯಾರಿಗೂ ಇಲ್ಲ. ಪ್ರಾರ್ಥನೆ ಹೇಳಿಸುವವನೇ ತನ್ನಪ್ಪ ಸತ್ತಾಗ ಅಪ್ಪನ ಕನ್ನಡಕವನ್ನು ತುಳಿದು ಒಡೆದಿದ್ದ.

ಬೆಳಗಿನಿಂದ ಲಮೋ ಪಿಂಗಾಣಿ ತಟ್ಟೆ ಒಡೆದಳು, ಗಾಜಿನ ಲೋಟ ಒಡೆದಳು, ಕೊಡೆಯ ಕಡ್ಡಿಗಳನ್ನು ಮುರಿದಳು, ಮಚ್ಚಿನ ಹಿಡಿಯನ್ನು ಸೀಳಿದಳು. ರೇಡಿಯೋವನ್ನು ಮುಟ್ಟುವ ಹಾಗೇ ಇರಲಿಲ್ಲ. ರಿಪೇರಿ ಮಾಡುತ್ತೇನೆಂದು ಬಿಚ್ಚಿ ಅವನೇ ಅದನ್ನು ವರ್ಷಗಳ ಹಿಂದೆ ಮುಗಿಸಿಟ್ಟಿದ್ದ. ಅಂತೂ ಈಗ ಅಲ್ಲಿ ಹಾಡು ಕೇಳುತ್ತಾನೆ ಎಂದು ದಿಮಾ ಹೇಳಿದಾಗ ಮರೆಯ ಹೊರಗೆ ಕೂತಿದ್ದವರೂ ನಕ್ಕರು. ಉಳಿದದ್ದು ಈ ಮಗ್ಗು. ಪೇಟೆಯಿಂದ ಮಗಳು ಸವಾಯಿ ತಂದುಕೊಟ್ಟದ್ದು. ಹಲ್ಲುಜ್ಜುವುದಕ್ಕೆ, ಕಾಫಿಗೆ, ಅಕ್ಕಿಯ ಹೆಂಡಕ್ಕೆ, ದೋಣಿಯ ನೀರು ಮೊಗೆಯುವುದಕ್ಕೆ, ಎಲ್ಲಕ್ಕೂ ಅದೇ ಬೇಕು ಅವನಿಗೆ. ಅದನ್ನು ಕಳಿಸದೆ ಇದ್ದರೆ ಇವತ್ತು ರಾತ್ರಿಯೇ ಹುಡುಕಿಕೊಂಡು ಬರುವವನೇ.

ಸವಾಯಿ ಮರೆಯೊಳಗೆ ತಲೆ ಹಾಕಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಬೆಳಗಿನಿಂದ ಕೋಳಿ ಬೇಯಿಸುವವರ, ಪೆಟ್ಟಿಗೆ ತರುವವರ ಹಿಂದೆ ಓಡಾಡಿ ಮುಖ ಕೆಂಪಾಗಿತ್ತು.

“ಅಮ್ಮ, ಚುಂದಿ ಮಾವ ಬಂದ.”

“ಬರ್ಲಿ. ಅವನಿಲ್ದೆ ಇದು ಮುಗಿಯುತ್ತಾ.”

“ಬರೀ ಕೈಯಲ್ಲಿ ಬಂದಿಲ್ಲಮ್ಮ. ದೋಣಿಯಲ್ಲಿ ಗರಗಸ ಇದೆ. ಮರ ಕಡಿಯೋ ಮೆಷಿನ್ನು.”

ಲಮೋಳ ಕೈಯಲ್ಲಿದ್ದ ಮಗ್ಗು ಅಲ್ಲೇ ನಿಂತಿತು. ಈ ಹೊಳೆಯ ಉದ್ದಕ್ಕೂ ಕಡಿಯುವಂಥ ಮರ ಈಗ ಒಂದೇ ಒಂದು ಇರುವುದು. ಅದು ಯಾವುದೆಂದು ಸವಾಯಿಗೂ ಗೊತ್ತು, ಅವಳಿಗೂ ಗೊತ್ತು.

*

ಉಗಾಪ್ ಹರೆಯದವನಿದ್ದಾಗ ಹೊಳೆಯಿಂದ ಸಮುದ್ರದ ಮಗ್ಗುಲ ತನಕ ಜೌಗುಕಾಡು. ಕಾಡೆಂದರೆ ರಾಮಿನ್. ನೆಟ್ಟಗೆ ಮೇಲೆ ಹೋಗಿ ತುದಿಯಲ್ಲಷ್ಟೇ ಕೊಂಬೆ ಬಿಡುವ ಮರ. ಕೆಳಗೆ ಚಹಾದ ಡಿಕಾಕ್ಷನ್ನಿನಂಥ ಕಪ್ಪು ನೀರು, ನೀರಿನಿಂದ ಮಂಡಿಯ ಹಾಗೆ ಮಡಿಚಿಕೊಂಡು ಎದ್ದ ಬೇರುಗಳು. ತಿರುಳು ಮಾತ್ರ ಆಗಷ್ಟೇ ಬಿಡಿಸಿದ ಹಲಸಿನ ಬೀಜದಷ್ಟು ಬಿಳುಪು. ಅದಕ್ಕೇ ಹೊರದೇಶದವರು ಕಣ್ಣು ಹಾಕಿದ್ದು. ಅಲ್ಲಿ ಹೋಗಿ ಏನಾಗುತ್ತದೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೊರಕೆಯ ಕೋಲು ಮಾಡುತ್ತಾರಂತೆ ಎಂದು ಯಾರೋ ಹೇಳಿದಾಗ ಮರ ಕಡಿಯುವವರ ಶಿಬಿರದಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕಿದ್ದರು.

ಉಗಾಪ್ ಮತ್ತು ಚುಂದಿ ಒಂದೇ ಕುದುರೆಯ ಆಳುಗಳು. ಕುದುರೆ ಹೆಸರಿಗಷ್ಟೇ. ಕಾಲಿಲ್ಲದ ಒಂದು ಮರದ ಜಾರುಬಂಡಿ ಅದು. ಗಳಗಳನ್ನು ಅಡ್ಡಡ್ಡ ಹಾಸಿ, ಎಣ್ಣೆ ಬಳಿದು, ಅದರ ಮೇಲೆ ಬಂಡಿಯನ್ನಿಟ್ಟು, ಬಂಡಿಯ ಮೇಲೆ ದಿಮ್ಮಿಯನ್ನು ಹೇರಿ, ಹೆಗಲಿಗೆ ಪಟ್ಟಿ ಹಾಕಿಕೊಂಡು ಎಳೆಯುವವರು ಮನುಷ್ಯರು. ಜಾರಿದರೆ ದಿಮ್ಮಿ ಕಾಲ ಮೇಲೆ. ಚುಂದಿಯ ಎಡಗಾಲಿನ ಎರಡು ಬೆರಳು ಹೋದದ್ದು ಹಾಗೆ. ಆ ಸಲ ಉಗಾಪನೇ ಅವನನ್ನು ಬೆನ್ನ ಮೇಲೆ ಹೊತ್ತು ಹೊಳೆಯ ತನಕ ತಂದಿದ್ದ. ದಾರಿಯುದ್ದಕ್ಕೂ, ನೀನು ರಾಮಿನ್‌ಗಿಂತ ಭಾರ ಮಾರಾಯ ಎಂದು ಬೈಯುತ್ತಾ ತಂದಿದ್ದನಂತೆ.

ಲಮೋ ಆ ಶಿಬಿರಕ್ಕೆ ಅಡುಗೆ ಮಾಡುವ ಚಿಕ್ಕಮ್ಮನ ಜೊತೆ ಬಂದವಳು. ಹತ್ತೊಂಬತ್ತೋ ಇಪ್ಪತ್ತೋ. ಮಧ್ಯಾಹ್ನದ ಬುತ್ತಿಯನ್ನು ಬುಟ್ಟಿಯಲ್ಲಿ ಬೆನ್ನಿಗೆ ಹಾಕಿಕೊಂಡು ಗಳದ ದಾರಿಯ ಮೇಲೆ ನಡೆದು ಹೋಗಿ ಕೊಡುವುದು ಅವಳ ಕೆಲಸ. ಮೊದಲನೇ ದಿನ ಬುತ್ತಿ ಹಂಚಿದಾಗ ಹೆಚ್ಚಿನ ಗಂಡಸರು ನೀರಲ್ಲಿ ನಿಂತುಕೊಂಡೇ ಉಂಡರು. ಆ ಕಾಡಿನಲ್ಲಿ ಕೂರುವುದಕ್ಕೆ ಒಣಗಿದ ಜಾಗ ಎಂಬುದೇ ಇಲ್ಲ. ಇದ್ದರೆ ಆಗಷ್ಟೇ ಕಡಿದ ಮರದ ಬೊಡ್ಡೆ ಒಂದೇ.

ಅವಳು ಬುಟ್ಟಿಯನ್ನು ಪಕ್ಕದ ಒಂದು ಎಳೆ ಗಿಡಕ್ಕೆ ನೇತುಹಾಕಿ, ಎಲ್ಲಿ ನಿಲ್ಲಲಿ ಎಂದು ನೋಡುತ್ತಿದ್ದಳು. ಉಗಾಪ್ ಬೊಡ್ಡೆಯಿಂದ ಎದ್ದ. ಮೈಮೇಲಿದ್ದ ಅಂಗಿಯನ್ನು ಬಿಚ್ಚಿ, ಬೊಡ್ಡೆಯನ್ನು ಅದರಿಂದ ಅಂಚಿನಿಂದ ಅಂಚಿಗೆ ಚೆನ್ನಾಗಿ ಒರೆಸಿ, ಕೂತ್ಕೊ ಎಂದ. ಅಷ್ಟು ಮರ್ಯಾದೆಯನ್ನು ಅವಳಿಗೆ ಅದುವರೆಗೆ ಯಾರೂ ಮಾಡಿರಲಿಲ್ಲ. ಕೂತಳು.

ರಾಮಿನ್ ಕೆಲಸದವರು ಯಾರೂ ಮಾಡಬಾರದ ತಪ್ಪು ಅದು. ರಾಮಿನ್ ತೊಗಟೆಯಲ್ಲಿ ಸೂಜಿಯಂಥ ನಾರು ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಚರ್ಮಕ್ಕೆ ತಾಗಿದರೆ ಕೆರೆತ ಶುರುವಾಯಿತೆಂದೇ ಲೆಕ್ಕ. ಬೆಳಗಿನಿಂದ ತೊಗಟೆ ಸುಲಿಯುವಾಗ ತೊಟ್ಟಿದ್ದ ಅಂಗಿ ಅವನದು. ಬೊಡ್ಡೆ ಸ್ವಚ್ಛವಾಗಿಯೇ ಇತ್ತು, ಅವನು ಒರೆಸಿದ್ದರಿಂದಲೇ ಕೆಟ್ಟಿತು. ಆ ಸಂಜೆಯಿಂದ ಲಮೋಳಿಗೆ ಕೂರುವಂತಿಲ್ಲ, ನಿಲ್ಲುವಂತಿಲ್ಲ, ಎಲ್ಲಿ ಕೆರೆಯುತ್ತದೆ ಎಂದು ಹೇಳುವಂತೆಯೂ ಇಲ್ಲ. ಚಿಕ್ಕಮ್ಮ ತೆಂಗಿನೆಣ್ಣೆ ಹಚ್ಚಿದಳು. ಶಿಬಿರಕ್ಕೆ ಶಿಬಿರವೇ ನಕ್ಕಿತು. ಮಾರನೆಯ ದಿನ ಉಗಾಪನ ಬುತ್ತಿಯಲ್ಲಿ ಅನ್ನದ ಕೆಳಗೆ ಒಂದು ಹಿಡಿ ಹಸಿಮೆಣಸಿನಕಾಯಿ ಇತ್ತು. ಅವನು ಕಣ್ಣಲ್ಲಿ ನೀರು ಸುರಿಸುತ್ತಾ ಅಷ್ಟನ್ನೂ ತಿಂದು, ಬುಟ್ಟಿ ವಾಪಸು ಕೊಡುವಾಗ, ರುಚಿಯಾಗಿತ್ತು ಎಂದ. ಅಲ್ಲಿಗೆ ಮದುವೆ ನಿಶ್ಚಯವಾದ ಹಾಗೇ ಆಯಿತು.

ಬುಟ್ಟಿ ನೇತುಹಾಕಿದ ಆ ಗಿಡವೂ ರಾಮಿನ್ನೇ, ಮಣಿಕಟ್ಟಿನಷ್ಟು ದಪ್ಪದ್ದು. ದಾರಿಗೆ ಹಾಸುವ ಗಳಕ್ಕೆಂದು ಅಂಥವನ್ನು ಕಣ್ಣುಮುಚ್ಚಿ ಕಡಿಯುತ್ತಿದ್ದರು. ಚುಂದಿ ಮಚ್ಚು ಎತ್ತಿದ್ದ. ಉಗಾಪ್, ಅದನ್ನ ಬಿಡು, ಅದಕ್ಕೆ ಬುಟ್ಟಿ ಇದೆ ಎಂದ. ಮರುದಿನವೂ ಬುಟ್ಟಿ ಇತ್ತು. ಅದರ ಮರುದಿನವೂ.

*

ಚುಂದಿ ಮರೆಯ ಹೊರಗೆ ಕೂತು ಮೊದಲು ಚೆನ್ನಾಗಿ ಅತ್ತ. ಅಳು ನಿಂತ ಮೇಲೆ ಅಕ್ಕಿಯ ಹೆಂಡ ಕುಡಿದ, ಬಿದಿರಿನಲ್ಲಿ ಬೇಯಿಸಿದ ಕೋಳಿ ತಿಂದ. ಆಮೇಲೆ ಇಡೀ ಉದ್ದಮನೆಯ ಯಜಮಾನಿಕೆ ನೋಡಿಕೊಳ್ಳುವ ಹಿರಿಯ ಅಂಬಾವ್‌ನನ್ನು ಕರೆಸಿ ವಿಷಯ ಹೇಳಿದ. ಕಳೆದ ಸುಗ್ಗಿ ಹಬ್ಬದಲ್ಲಿ ಉಗಾಪ್ ಅವನ ಕೈ ಹಿಡಿದುಕೊಂಡು, ನಾನು ಹೋದ ಮೇಲೆ ನನಗೊಂದು ರಾಮಿನ್ ಬೇಕು, ನೀನು ನೋಡಿಕೋ ಎಂದಿದ್ದನಂತೆ. ಚುಂದಿ ಹೂಂ ಎಂದಿದ್ದನಂತೆ. ಕೊಟ್ಟ ಮಾತಿಗೆ ತಪ್ಪಿ ತಾನು ನಾಳೆ ಅದೇ ನಾಡಿಗೆ ಹೋದಾಗ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಕೇಳಿದ.

ಅಂಬಾವ್ ಲಮೋಳ ಅಣ್ಣನ ಮಗ. ನಿಧಾನದ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರದವನು, ಹಾಗಾಗಿ ಹಿರಿಯನಾಗಿ ಕಷ್ಟಪಡುತ್ತಿದ್ದವನು. ಅವನು ಹೊದಿಕೆಯ ಅಂಚಿನ ಹತ್ತಿರ ಬಂದು ಕೂತು ಬಾಯಿ ತೆಗೆಯುವ ಮೊದಲೇ ಲಮೋ ಒಳಗಿನಿಂದ, “ಬೇಡ,” ಎಂದಳು.

“ಅತ್ತೆ, ಸ್ವಲ್ಪ ಕೇಳಿ.”

“ಕೇಳಿಸ್ಕೊಂಡೆ. ಬಟ್ಟೆ ತಾನೆ ಇರೋದು ಮಧ್ಯೆ, ಗೋಡೆ ಅಲ್ವಲ್ಲ. ಆ ಮರ ಕಡಿಯೋದು ಬೇಡ.”

ಅಂಬಾವ್ ಗಂಟಲು ಸರಿಮಾಡಿಕೊಂಡ. ಸತ್ತವನು ಬಾಯಿಬಿಟ್ಟು ಕೇಳಿದ್ದನ್ನು ಕೊಡದಿದ್ದರೆ ಏನಾಗುತ್ತದೆಂದು ಅವನು ಅವಳಿಗೆ ಹೇಳಬೇಕಾಗಿರಲಿಲ್ಲ. ಪಾಲು ಸಿಗದವನು ಕೇಳುತ್ತಾ ಬರುತ್ತಾನೆ. ಮೊದಲು ಕನಸಿನಲ್ಲಿ, ಆಮೇಲೆ ಮಕ್ಕಳ ಜ್ವರದಲ್ಲಿ. ಇಪ್ಪತ್ತು ಬಾಗಿಲಿನ ಮನೆ, ಪ್ರತಿ ಬಾಗಿಲಿನ ಹಿಂದೆಯೂ ಚಿಕ್ಕ ಮಕ್ಕಳಿದ್ದಾರೆ. ಜಗಲಿಯಲ್ಲಿ ಕೂತ ತಾಯಂದಿರು ಮಾತು ನಿಲ್ಲಿಸಿ ಹೊದಿಕೆಯ ಕಡೆಗೇ ನೋಡುತ್ತಿದ್ದರು. ಅದು ಲಮೋಳಿಗೆ ಕಾಣದಿದ್ದರೂ ಗೊತ್ತಾಗುತ್ತಿತ್ತು.

“ನೀವು ಬೇಡ ಅಂದ್ರೆ ಬೇಡ, ಅತ್ತೆ. ಆದ್ರೆ ಯಾಕೆ ಅಂತ ನಾನು ಇವರಿಗೆಲ್ಲ ಹೇಳ್ಬೇಕಲ್ಲ.”

ಯಾಕೆ ಎಂದು ಅವಳು ಹೇಗೆ ಹೇಳುವುದು. ಆ ಮರದ ಕೆಳಗೆ ಸಂಜೆ ಹೋಗಿ ನಿಲ್ಲುವುದು ಇಬ್ಬರಿಗೂ ಅಭ್ಯಾಸ. ಉಗಾಪ್ ಇಲ್ಲದ ನಾಳೆಯ ಸಂಜೆ ತಾನು ಎಲ್ಲಿ ಹೋಗಿ ನಿಲ್ಲಲಿ ಎಂದು ಕೇಳಿದರೆ ಅದು ತನ್ನ ಆಸೆಯಾಯಿತು. ಗಂಡನ ಪಾಲನ್ನು ತನ್ನ ಆಸೆಗೆ ಇಟ್ಟುಕೊಂಡವಳು ಎಂದು ನಾಳೆ ಆಡಿಕೊಳ್ಳುವವರ ಚಿಂತೆ ಅವಳಿಗಿರಲಿಲ್ಲ. ಅವನೇ ಹಾಗೆಂದುಕೊಂಡರೆ? ಅಲ್ಲಿ ನಿಂತು, ಇವಳಿಗೆ ಒಂದು ಮರ ಕೊಡುವುದಕ್ಕೂ ಕೈ ಬರಲಿಲ್ಲ ನೋಡು ಎಂದು ಬೇಜಾರು ಮಾಡಿಕೊಂಡರೆ? ಅವಳು ಗಂಡನ ಮುಖ ನೋಡಿದಳು. ಅದರಲ್ಲಿ ಏನೂ ಸುಳಿವಿರಲಿಲ್ಲ. ಬದುಕಿದ್ದಾಗಲೂ ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಮುಖವೇ ಅದು.

“ಸ್ವಲ್ಪ ಹೊತ್ತು ಕೊಡು,” ಎಂದಳು.

ನೀರು ಏರುವ ತನಕ ಹೊತ್ತಿದೆ ಎಂದು ಅಂಬಾವ್ ಎದ್ದ. ಚುಂದಿ ತಯಾರಿಯನ್ನಾದರೂ ಮಾಡಿಟ್ಟಿರುತ್ತೇನೆಂದು ಗರಗಸವನ್ನು ಹೆಗಲಿಗೇರಿಸಿಕೊಂಡು ಮೂರು ಬೆರಳಿನ ಕಾಲನ್ನು ಎಳೆಯುತ್ತಾ ಹಿತ್ತಲ ಕಡೆ ಹೋದ. ಮರ ಇರುವುದು ಹಿತ್ತಲಿನಾಚೆ, ಹೊಳೆ ತಿರುಗುವಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಗರಗಸದ ಹಗ್ಗ ಎಳೆದ ಸದ್ದು ಕೇಳಿತು. ಗರ್ರೆಂದು ಒಮ್ಮೆ ಕೆಮ್ಮಿ ನಿಂತಿತು. ಮತ್ತೆ ಎಳೆದ. ಮತ್ತೆ ಕೆಮ್ಮಿತು.

“ಅದೂ ಮುದಿಯಾಗಿದೆ,” ಎಂದಳು ದಿಮಾ. ಲಮೋ ನಗಲಿಲ್ಲ.

*

ರಾಮಿನ್ ಮುಗಿದದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಶಿಬಿರ ಮೊದಲು ಒಳಕ್ಕೆ ಹೋಯಿತು, ಇನ್ನೂ ಒಳಕ್ಕೆ ಹೋಯಿತು, ಒಂದು ವರ್ಷ ಬರಲೇ ಇಲ್ಲ. ಕುದುರೆಗಳು ನೀರಲ್ಲಿ ಕೊಳೆತವು. ಉಗಾಪ್ ರಬ್ಬರ್ ಕೊಯ್ದ, ಹಿಟ್ಟಿಗಾಗಿ ಸಾಗು ತಾಳೆ ಬೆಳೆಸಿದ, ಮೀನು ಹಿಡಿದ. ಒಬ್ಬಳೇ ಮಗಳು, ಅವಳ ಮಕ್ಕಳು. ದೊಡ್ಡ ಸುಖವೂ ಇಲ್ಲ, ಹೇಳಿಕೊಳ್ಳುವಂಥ ದುಃಖವೂ ಇಲ್ಲ. ಹೆಂಡ ಹೆಚ್ಚಾದ ದಿನ ಹಾಡುತ್ತಿದ್ದ, ಕಡಿಮೆಯಾದ ದಿನ ರೇಡಿಯೋ ಬಿಚ್ಚುತ್ತಿದ್ದ.

ಬುಟ್ಟಿಯ ಗಿಡ ಮಾತ್ರ ಉಳಿಯಿತು. ಪಕ್ಕದ ಬೊಡ್ಡೆ ಕೊಳೆತು ಮಣ್ಣಾಯಿತು, ಗಿಡ ಮರವಾಯಿತು. ಅವನು ತಬ್ಬಿದರೆ ಬೆರಳಿಗೆ ಬೆರಳು ತಾಗದಷ್ಟು ದಪ್ಪವಾಯಿತು. ತಬ್ಬಿ ನೋಡಿ ಒಂದು ವಾರ ಎದೆ ಕೆರೆದುಕೊಂಡಿದ್ದ. ಕಾಯಿ ಬಿಟ್ಟರೆ ಅಳಿಲು ಒಂದನ್ನೂ ನೆಲಕ್ಕೆ ಬಿಡುವುದಿಲ್ಲ. ಅವನು ಅಳಿಲಿನ ಜೊತೆ ಜಗಳವಾಡಿ ಉಳಿಸಿದ ಬೀಜಗಳೂ ಮೊಳೆತು, ಒಂದೆರಡು ಮಳೆಗಾಲ ಕಂಡು, ಸತ್ತವು. ಅದಕ್ಕೂ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಇದೊಂದು ಇದೆಯಲ್ಲ ಎಂದ.

ಸಂಜೆ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ಅವನು ಮಗ್ಗು ಹಿಡಿದುಕೊಂಡು, ಅವಳು ಎಲೆಯಡಿಕೆಯ ಡಬ್ಬಿ ಹಿಡಿದುಕೊಂಡು. ಜೌಗು ನೆಲ, ಕೂರುವುದಕ್ಕೆ ಆಗುತ್ತಿರಲಿಲ್ಲ. ಮನೆಯಿಂದ ಮಣೆ ತರುತ್ತೇನೆಂದು ಅವಳು ಎಷ್ಟೋ ಸಲ ಹೇಳಿದ್ದಳು. ಅವನು ಬೇಡ ಎನ್ನುತ್ತಿದ್ದ.

“ಮಣೆ ಮೇಲೆ ಮನೆಯಲ್ಲೇ ಕೂರಬಹುದು,” ಎನ್ನುತ್ತಿದ್ದ. “ಕಾಡಲ್ಲಿ ಕೂತರೆ ಬೊಡ್ಡೆ ಮೇಲೆ ಕೂರ್ಬೇಕು. ನಿನ್ನ ಕೂರಿಸಿದ್ನಲ್ಲ, ಅಂಥದ್ರ ಮೇಲೆ.”

“ಹಾಗಾದ್ರೆ ಕಡಿ ಇದನ್ನ, ಕೂತ್ಕೊ.”

“ಇದನ್ನ ಕಡಿದ್ರೆ ಬುಟ್ಟಿ ಎಲ್ಲಿ ನೇತುಹಾಕ್ತೀಯ?”

ಬುಟ್ಟಿ ತರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಅವನು ಪ್ರತಿ ಸಲ ಅದನ್ನೇ ಹೇಳುತ್ತಿದ್ದ, ಅವಳು ಪ್ರತಿ ಸಲ ನಗುತ್ತಿದ್ದಳು. ನಿಂತು ನಿಂತು ಕಾಲು ಸೋತ ಮೇಲೆ ವಾಪಸು ಬರುತ್ತಿದ್ದರು.

*

ಹಿತ್ತಲಿನಾಚೆ ಗರಗಸ ಇದ್ದಕ್ಕಿದ್ದ ಹಾಗೆ ಹತ್ತಿಕೊಂಡಿತು. ಈ ಸಲ ಕೆಮ್ಮಿ ನಿಲ್ಲಲಿಲ್ಲ. ಇಡೀ ಜಗಲಿ ತಿರುಗಿ ನೋಡಿತು. ಲಮೋ ಎದ್ದೇಬಿಡುತ್ತಿದ್ದಳು, ದಿಮಾ ಅವಳ ಕೈ ಹಿಡಿದು ಕೂರಿಸಿದಳು.

“ಸವಾಯಿ, ಓಡು,” ಎಂದಳು ಲಮೋ. “ಅವನನ್ನ ಇಲ್ಲಿಗೆ ಕರ್ಕೊಂಡ್ ಬಾ. ಒಂದು ಮಾತು ಕೇಳ್ಬೇಕು ಅಂತ ಹೇಳು. ಗರಗಸ ಆರಿಸೋ ತನಕ ಅಲ್ಲಿಂದ ಬರ್ಬೇಡ.”

ಸವಾಯಿ ಆ ವಯಸ್ಸಿನಲ್ಲಿ ಓಡಿದ್ದನ್ನು ಮನೆಯವರು ಆವತ್ತು ನೋಡಿದರು. ಸದ್ದು ನಿಂತಿತು. ಚುಂದಿ ಗರಗಸವನ್ನು ಹೊತ್ತುಕೊಂಡೇ ಬಂದ. ಹತ್ತುತ್ತದೋ ಇಲ್ಲವೋ ನೋಡಿದೆ ಅಷ್ಟೆ, ಕೇಳದೆ ಹಲ್ಲು ಊರುವವನಾ ನಾನು ಎಂದು ಗೊಣಗುತ್ತಾ ಹೊದಿಕೆಯ ಹೊರಗೆ ಕೂತ. ಅಂಬಾವ್ ಅವನ ಪಕ್ಕ ಬಂದು ಕೂತ.

“ಚುಂದಿ ಅಣ್ಣ,” ಎಂದಳು ಲಮೋ ಒಳಗಿನಿಂದ. “ಹಬ್ಬದಲ್ಲಿ ಅವನು ಏನಂದ? ನೀನು ತಿಳ್ಕೊಂಡಿದ್ದು ಬೇಡ. ಅವನು ಆಡಿದ್ದನ್ನ ಆಡಿದ ಹಾಗೇ ಹೇಳು.”

ಚುಂದಿ ಯೋಚಿಸಿದ. “ಇಬ್ರೂ ಸ್ವಲ್ಪ ಜಾಸ್ತೀನೇ ಕುಡಿದಿದ್ವಿ. ಕೈ ಹಿಡ್ಕೊಂಡ. ಅಲ್ಲಿಗೆ ಹೋದ್ಮೇಲೆ ಕೂರೋಕೆ ನಂಗೊಂದು ರಾಮಿನ್ ಬೇಕು ಕಣೋ, ನೀನು ನೋಡ್ಕೋ ಅಂದ. ಹೂಂ ಅಂದೆ.”

“ಕೂರೋಕೆ ಅಂದ್ನಾ?”

“ಹೂಂ, ಕೂರೋಕೆ ಅಂದ. ಅದಕ್ಕೇ ಒಂದು ಹಲಗೆ ಕೊಯ್ದು, ಮಣೆ ಮಾಡಿ, ಮುರಿದು ಪೆಟ್ಟಿಗೇಲಿ ಇಡೋಣ ಅಂತ.”

ಮರೆಯೊಳಗಿನದು ದಿಮಾಳಿಗೆ ಮಾತ್ರ ಕಾಣುತ್ತಿತ್ತು. ಲಮೋ ಗಂಡನ ಕಡೆ ತಿರುಗಿ ಅವನ ಎದೆಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟಳು, ನನಗೆ ಹೇಳುವುದಕ್ಕೇನಾಗಿತ್ತು ನಿನಗೆ ಎನ್ನುವ ಹಾಗೆ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ನೀವಿಬ್ರೂ ಸೇರಿ ಎಷ್ಟು ಮರ ಕಡಿದ್ರಿ?”

“ಯಾರಿಗ್ ಗೊತ್ತು. ಇಲ್ಲಿಂದ ಸಮುದ್ರದ ತನಕ.”

“ಇಲ್ಲಿ ಕಡಿದಿದ್ದು ಅಲ್ಲಿ ಏನಾಗಿರುತ್ತೆ?”

ತಟ್ಟೆ ಲೋಟಗಳ ವಿಷಯದಲ್ಲಿ ಹುಟ್ಟಿದಾಗಿನಿಂದ ಗೊತ್ತಿದ್ದದ್ದನ್ನು ಮರಗಳ ವಿಷಯದಲ್ಲಿ ಚುಂದಿ ಒಮ್ಮೆಯೂ ಯೋಚಿಸಿರಲಿಲ್ಲ.

“ನಿಂತಿರುತ್ತೆ,” ಎಂದಳು ಲಮೋ. “ಒಂದೂ ಬಿಡದ ಹಾಗೆ ಎಲ್ಲಾ ನಿಂತಿರುತ್ತೆ. ನಿನ್ನೆ ಮಧ್ಯಾಹ್ನದಿಂದ ಅವನು ಆ ಕಾಡಲ್ಲಿದ್ದಾನೆ. ಮೊಣಕಾಲುದ್ದ ನೀರು. ಎಲ್ಲಿ ನೋಡಿದ್ರೂ ಮರ. ಮುದುಕ ಎಲ್ಲಿ ಕೂರ್ಬೇಕು? ಇದನ್ನೂ ಕಡಿದ್ರೆ ಇದೂ ಅಲ್ಲಿ ಹೋಗಿ ಎದ್ದು ನಿಲ್ಲುತ್ತೆ. ಇದು ಇಲ್ಲಿ ನಿಂತಿರೋ ತನಕ ಅಲ್ಲಿ ಇದು ಬೊಡ್ಡೆ. ಅದ್ರ ಮೇಲೇ ಅವನು ಕೂತಿರೋದು. ಅವನು ಕೇಳಿದ್ದು ಅದನ್ನೇ, ಚುಂದಿ ಅಣ್ಣ. ಅವನ ಪಾಲು ಅವನಿಗೆ ಆಗ್ಲೇ ಸಿಕ್ಕಿದೆ. ನಾವು ಅದನ್ನ ಕಿತ್ಕೊಳ್ದೆ ಇದ್ರೆ ಸಾಕು.”

ಜಗಲಿಯಲ್ಲಿ ಯಾರೋ ಹೌದಲ್ವಾ ಎಂದರು. ತಾಯಂದಿರಲ್ಲಿ ಒಬ್ಬಳು ಮಗುವನ್ನು ಸೊಂಟದಿಂದ ಇಳಿಸಿ ಚಾಪೆಯ ಮೇಲೆ ಬಿಟ್ಟಳು. ಅಂಬಾವ್ ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟವನ ಹಾಗೆ ಬೆನ್ನು ಸಡಿಲ ಮಾಡಿ ಕೂತ. ಆ ಮರವನ್ನು ಸತ್ತವನ ಪಾಲೆಂದು ಮನೆ ಒಪ್ಪಿದೆ, ಇನ್ನು ಅದಕ್ಕೆ ಮಚ್ಚು ತಾಗಿಸಿದವರು ಉಗಾಪನ ಆಸನ ಕಿತ್ತುಕೊಂಡ ಹಾಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹಿರಿಯನಾದ ಮೇಲೆ ಅಷ್ಟು ಗಟ್ಟಿಯಾಗಿ ಅವನು ಯಾವುದನ್ನೂ ಹೇಳಿದ್ದಿಲ್ಲ.

ಚುಂದಿ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಹೊದಿಕೆಗೆ ಬಾಯಿ ಹತ್ತಿರ ತಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದ.

“ಲಮೋ, ಆ ಬೊಡ್ಡೆ ಮೇಲೆ ನಂಗೂ ಜಾಗ ಇರುತ್ತಾ?”

“ಇಬ್ಬರಿಗೆ ಧಾರಾಳ,” ಎಂದಳು ಲಮೋ. “ನಾನು ಬಂದ್ಮೇಲೆ ನೀನು ಎದ್ದು ಜಾಗ ಬಿಡ್ಬೇಕು, ಅಷ್ಟೆ.”

ಅವನು ಮುಖ ಒರೆಸಿಕೊಂಡು ನಕ್ಕ. ಒರೆಸಿಕೊಂಡಷ್ಟೂ ಕಣ್ಣೀರು ಬರುತ್ತಿತ್ತು. ಹೊದಿಕೆಯ ಅಡಿಯಿಂದ ಕಿತ್ತಳೆ ಬಣ್ಣದ ಮಗ್ಗು ಹೊರಗೆ ಜಾರಿ ಬಂತು.

“ಮೆಷಿನ್ನು ಹೇಗೂ ತಂದಿದ್ದೀಯಲ್ಲ,” ಎಂದಳು ಲಮೋ. “ಇದನ್ನ ಕಡಿ.”

ಚುಂದಿ ಅಂಗಳಕ್ಕಿಳಿದು, ಸೌದೆ ಕೊರಡಿನ ಮೇಲೆ ಮಗ್ಗನ್ನಿಟ್ಟು, ಮೂರು ಬೆರಳಿನ ಕಾಲಿನಿಂದ ಒತ್ತಿ ಹಿಡಿದುಕೊಂಡ. ಉಳಿದ ಬೆರಳು ಜೋಪಾನ ಎಂದು ಮೇಲಿನಿಂದ ಯಾರೋ ಕೂಗಿದರು. ಗರಗಸ ಈ ಸಲ ಒಂದೇ ಎಳೆತಕ್ಕೆ ಹತ್ತಿತು. ದೊಡ್ಡ ದೊಡ್ಡ ಮರಗಳನ್ನು ಉರುಳಿಸಿದವನು ಅಷ್ಟೇ ಗಂಭೀರವಾಗಿ ಮಗ್ಗನ್ನು ಎರಡು ಹೋಳು ಮಾಡಿದ. ಸತ್ತ ಮನೆ ಎಂಬುದನ್ನು ಮರೆತು ಜಗಲಿಯವರೆಲ್ಲ ನಕ್ಕರು. ಸವಾಯಿ ಒಳಕ್ಕೆ ತಂದುಕೊಟ್ಟ ಹೋಳುಗಳನ್ನು ಲಮೋ ಗಂಡನ ಬಲಗೈಯ ಹತ್ತಿರ ಇಟ್ಟಳು. ಅಷ್ಟು ಹೊತ್ತಿಗೆ ನೀರು ಏರಿತ್ತು.

*

ಮಣ್ಣು ಮಾಡುವ ಜಾಗ ಹೊಳೆಯಾಚೆ, ದಿಬ್ಬದ ಮೇಲೆ. ಪೇಟೆಯ ಪೆಟ್ಟಿಗೆ ಅವನಿಗೆ ಉದ್ದವಾಗಿತ್ತು. ಕಾಲ ಬಳಿ ಉಳಿದ ಜಾಗದಲ್ಲಿ ರೇಡಿಯೋ ಸರಿಯಾಗಿ ಕೂತಿತು. ಪ್ರಾರ್ಥನೆ ಆಯಿತು, ಮಣ್ಣು ಹಾಕಿದ್ದಾಯಿತು, ಶಿಲುಬೆ ನೆಟ್ಟದ್ದಾಯಿತು. ಒಡೆದ ತಟ್ಟೆಯ ಚೂರುಗಳನ್ನೂ ಮಗ್ಗಿನ ಹೋಳುಗಳನ್ನೂ ಮೇಲಿಟ್ಟು, ಹಿಂದಿರುಗಿ ನೋಡದೆ ಎಲ್ಲರೂ ದೋಣಿ ಹತ್ತಿದರು.

ಹೊಳೆ ತಿರುಗುವಲ್ಲಿ ಲಮೋ ದೋಣಿ ನಿಲ್ಲಿಸು ಎಂದಳು. ಚುಂದಿ ಎಂಜಿನ್ ಆರಿಸಿ ದಡಕ್ಕೆ ತಂದ. ಸವಾಯಿ ಕೈ ಕೊಡಲು ಬಂದರೂ ಬೇಡವೆಂದು ಅವಳು ಒಬ್ಬಳೇ ಇಳಿದು, ಮಂಡಿ ಬೇರುಗಳನ್ನು ದಾಟುತ್ತಾ ನೀರಲ್ಲಿ ನಡೆದು ಮರದ ಬುಡಕ್ಕೆ ಹೋದಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು. ಮನುಷ್ಯರು ಕೂರುವಷ್ಟು ಎತ್ತರದಲ್ಲಿ ಕಾಂಡವನ್ನು ಸುತ್ತಲೂ ಒರೆಸತೊಡಗಿದಳು. ಪಾಚಿ ಹೋಯಿತು, ಇರುವೆಯ ಮಣ್ಣು ಹೋಯಿತು. ಆಮೇಲೂ ಒರೆಸಿದಳು.

“ಅಮ್ಮ, ಕೆರೆತ ಹತ್ತುತ್ತೆ,” ಎಂದು ಸವಾಯಿ ದೋಣಿಯಿಂದ ಹೇಳಿದಳು.

“ಗೊತ್ತು,” ಎಂದಳು ಲಮೋ.

ಮನೆಗೆ ಬಂದಾಗ ಹೊದಿಕೆಯ ಮರೆಯನ್ನು ಬಿಚ್ಚಿ ಮಡಿಸಿಟ್ಟಿದ್ದರು. ಜಗಲಿ ಮೊದಲಿನ ಹಾಗೇ ಉದ್ದಕ್ಕೆ ಕಾಣುತ್ತಿತ್ತು. ಅವಳು ಉಗಾಪ್ ಅಡ್ಡಾಗಿದ್ದ ಜಾಗದಲ್ಲೇ ಚಾಪೆ ಹಾಸಿ ಕೂತಳು. ಯಾರೋ ಕಾಫಿ ತಂದುಕೊಟ್ಟರು. ಅಂಗೈ ಆಗಲೇ ಕೆಂಪಾಗಿತ್ತು, ಮೊಣಕೈ ತನಕ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು. ದಿಮಾ ನೋಡಿ, ಏನೂ ಕೇಳದೆ ಎದ್ದು ಹೋಗಿ ತೆಂಗಿನೆಣ್ಣೆಯ ಶೀಶೆ ತಂದು ಮುಂದಿಟ್ಟಳು.

“ಇರ್ಲಿ ಬಿಡಿ ಅತ್ತಿಗೆ,” ಎಂದಳು ಲಮೋ. ಶೀಶೆಯನ್ನು ಪಕ್ಕಕ್ಕೆ ಸರಿಸಿ, ಹೊಳೆಯ ಕಡೆ ಮುಖ ಮಾಡಿಕೊಂಡು, ಎರಡೂ ಅಂಗೈಗಳನ್ನು ಮೆಲ್ಲಗೆ ಕೆರೆದುಕೊಳ್ಳುತ್ತಾ ಕೂತಳು.